ವಾರ್ತೆಯ ಬೆನ್ನಿಗೇ ಬಂದ ನಾಟಕ

1966ರ ನವೆಂಬರ್ 16, ಬುಧವಾರ. ಬ್ರಿಟನ್ನಿನಲ್ಲಿ ಆಗ ಇದ್ದದ್ದು ಮೂರೇ ಟಿ.ವಿ. ಚಾನೆಲ್ಲುಗಳು. ರಾತ್ರಿ ಬಿಬಿಸಿಯ ವಾರ್ತೆ ಮುಗಿಯಿತು. ಅದರ ಬೆನ್ನಿಗೇ ನಾಟಕವೊಂದು ಶುರುವಾಯಿತು. ಹೆಸರು ‘ಕ್ಯಾಥಿ ಕಮ್ ಹೋಮ್’. ಅಂದು ಅದನ್ನು ನೋಡಿದವರು ಸುಮಾರು 1 ಕೋಟಿ 20 ಲಕ್ಷ ಜನ. ದೇಶದ ಪ್ರತಿ ನಾಲ್ಕೈದು ಮಂದಿಯಲ್ಲಿ ಒಬ್ಬರು ಆ ರಾತ್ರಿ ಟಿ.ವಿ. ಮುಂದೆ ಕೂತಿದ್ದರು ಎಂದಾಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಕಡೆಯ ಗಾದೆ. ಕ್ಯಾಥಿಗೆ ಮದುವೆ ಸುಲಭವಾಗಿಯೇ ಆಗುತ್ತದೆ. ಮನೆ ಮಾತ್ರ ದಕ್ಕುವುದಿಲ್ಲ. ನಗರಕ್ಕೆ ಬಂದ ಹುಡುಗಿ ರೆಜ್ ಎಂಬ ಲಾರಿ ಚಾಲಕನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಒಳ್ಳೆಯ ಬಾಡಿಗೆ ಮನೆಯೂ ಸಿಗುತ್ತದೆ. ಅಷ್ಟರಲ್ಲಿ ರೆಜ್ ಅಪಘಾತಕ್ಕೆ ಸಿಕ್ಕಿ ಕೆಲಸ ಕಳೆದುಕೊಳ್ಳುತ್ತಾನೆ. ಅಲ್ಲಿಂದ ಇಳಿಜಾರು. ಅತ್ತೆಯ ಕಿಕ್ಕಿರಿದ ಮನೆ, ಮುದುಕಿಯೊಬ್ಬಳ ಮನೆಯ ಬಾಡಿಗೆ ಕೋಣೆ, ಆಕೆ ಸತ್ತಾಗ ಬಲವಂತದ ಎತ್ತಂಗಡಿ, ಊರಾಚೆ ಗಾಲಿಮನೆಯ ವಾಸ, ಅಲ್ಲಿಂದ ಪಾಳುಬಿದ್ದ ಕಟ್ಟಡ, ಕೊನೆಗೆ ಸರ್ಕಾರಿ ನಿರಾಶ್ರಿತರ ತಂಗುಮನೆ. ಆ ತಂಗುಮನೆಯಲ್ಲಿ ಹೆಂಗಸರು ಮಕ್ಕಳಿಗಷ್ಟೇ ಜಾಗ. ಗಂಡ ಹೊರಗೆ. ಅಲ್ಲಿನ ಅವಧಿಯೂ ಮುಗಿದಾಗ ಕ್ಯಾಥಿ ಮಕ್ಕಳೊಂದಿಗೆ ರೈಲು ನಿಲ್ದಾಣದಲ್ಲಿ ರಾತ್ರಿ ಕಳೆಯಲು ಬರುತ್ತಾಳೆ. ಅಧಿಕಾರಿಗಳು ಬಂದು ಅವಳ ಕೈಯಿಂದ ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಾರೆ. ಅವಳು ಮಾಡಿದ ತಪ್ಪೆಂದರೆ ಮನೆ ಇಲ್ಲದಿದ್ದುದು, ಅಷ್ಟೆ.

ನಾಟಕದ ಕೊನೆಗೆ ಪರದೆಯ ಮೇಲೆ ಅಕ್ಷರಗಳು ಮೂಡಿದವು. ಇಲ್ಲಿ ತೋರಿಸಿದ್ದೆಲ್ಲ ಕಳೆದ 18 ತಿಂಗಳಲ್ಲಿ ಬ್ರಿಟನ್ನಿನಲ್ಲಿ ನಡೆದದ್ದೇ ಎಂಬುದು ಅವುಗಳ ಸಾರಾಂಶ. ಎರಡನೇ ಮಹಾಯುದ್ಧ ಗೆದ್ದು, ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆ ಕೊಟ್ಟು, ‘ಕಲ್ಯಾಣ ರಾಜ್ಯ’ ಎಂದು ಬೀಗುತ್ತಿದ್ದ ದೇಶಕ್ಕೆ ಇದು ಕಪಾಳಮೋಕ್ಷವಾಯಿತು.

ಅದಕ್ಕಿಂತ ಸೋಜಿಗದ ಸಂಗತಿಯೆಂದರೆ ಹೊಡೆದವರು ಯಾರು ಎಂಬುದು. ಬೀದಿ ನಾಟಕದ ತಂಡವಲ್ಲ, ವಿರೋಧ ಪಕ್ಷವಲ್ಲ. ಜನರು ತೆರುವ ಪರವಾನಗಿ ಶುಲ್ಕದಿಂದ ನಡೆಯುವ, ಸರ್ಕಾರದ ಸನದಿನಿಂದ ಹುಟ್ಟಿದ ಬಿಬಿಸಿ. ರಾಜ್ಯವನ್ನೇ ಕಟಕಟೆಯಲ್ಲಿ ನಿಲ್ಲಿಸುವ ನಾಟಕಗಳು ಅದೇ ಸಂಸ್ಥೆಯ ಒಳಗಿನಿಂದ ಹೇಗೆ ಬಂದವು? ಎಲ್ಲಿಯವರೆಗೆ ಅವುಗಳಿಗೆ ಬಿಡುವು ಸಿಕ್ಕಿತು? ಎಲ್ಲಿ ಬಾಗಿಲು ಮುಚ್ಚಿತು? ಬ್ರಿಟನ್ನಿನ ರಾಜಕೀಯ ಟಿ.ವಿ. ನಾಟಕಗಳ ಚರಿತ್ರೆಯೆಂದರೆ ಈ ಪ್ರಶ್ನೆಗಳ ಚರಿತ್ರೆಯೇ.

ಡ್ರಾಯಿಂಗ್ ರೂಮಿನಿಂದ ಬೀದಿಗೆ

ಈ ಕತೆಯ ಆರಂಭದಲ್ಲಿ ನಿಲ್ಲುವವನು ಇಂಗ್ಲಿಷರವನೇ ಅಲ್ಲ. ಸಿಡ್ನಿ ನ್ಯೂಮನ್ ಕೆನಡಾದ ಟೊರಾಂಟೊದವನು. ಸಾಕ್ಷ್ಯಚಿತ್ರಗಳ ಪಿತಾಮಹರಲ್ಲಿ ಒಬ್ಬನಾದ ಜಾನ್ ಗ್ರಿಯರ್ಸನ್ನನ ಕೈಕೆಳಗೆ ಕೆನಡಾದ ಚಲನಚಿತ್ರ ಮಂಡಳಿಯಲ್ಲಿ ಪಳಗಿದವನು. ಬ್ರಿಟನ್ನಿಗೆ ಬಂದು ಖಾಸಗಿ ಟಿ.ವಿ.ಯಲ್ಲಿ ಹೆಸರು ಮಾಡಿದ ಆತನನ್ನು 1963ರಲ್ಲಿ ಬಿಬಿಸಿ ತನ್ನ ನಾಟಕ ವಿಭಾಗದ ಮುಖ್ಯಸ್ಥನನ್ನಾಗಿ ಕರೆತಂದಿತು. ಆವರೆಗೆ ಟಿ.ವಿ. ನಾಟಕವೆಂದರೆ ಲಂಡನ್ನಿನ ರಂಗಭೂಮಿಯ ಪಡಿಯಚ್ಚು. ಶ್ರೀಮಂತರ ಡ್ರಾಯಿಂಗ್ ರೂಮು, ಚಹಾದ ಬಟ್ಟಲು, ಚತುರ ಸಂಭಾಷಣೆ. ನಾಟಕ ನೋಡುವವರು ಕಾರ್ಖಾನೆಯ ಕಾರ್ಮಿಕರು, ಬಸ್ ಕಂಡಕ್ಟರುಗಳು. ಅವರ ಬದುಕು ಮಾತ್ರ ಪರದೆಯ ಮೇಲಿಲ್ಲ ಎಂಬುದು ನ್ಯೂಮನ್ನನ ತಕರಾರು. 1964ರಲ್ಲಿ ‘ದ ವೆಡ್ನೆಸ್‌ಡೇ ಪ್ಲೇ’ ಎಂಬ ಬುಧವಾರದ ನಾಟಕಮಾಲೆ ಶುರುವಾಯಿತು. ವಾರಕ್ಕೊಂದು ಹೊಸ ನಾಟಕ, ಇಂದಿನ ಬದುಕಿನ ಬಗ್ಗೆ, ಸಾಧ್ಯವಾದಷ್ಟೂ ಹೊಸ ಲೇಖಕರಿಂದ ಎಂಬುದು ಅದರ ನೀತಿ.

ಆಗ ಬಿಬಿಸಿಯ ಮಹಾನಿರ್ದೇಶಕನಾಗಿದ್ದವನು ಹ್ಯೂ ಗ್ರೀನ್. ಹೊಸ ಗಾಳಿಗೆ ಕಿಟಕಿ ತೆರೆಯಬೇಕೆಂಬ ಮನಸ್ಸಿನವನು. ಆ ಗಾಳಿ ಸಹಿಸದವರೂ ಇದ್ದರು. ಮೇರಿ ವೈಟ್‌ಹೌಸ್ ಎಂಬ ಶಾಲಾ ಶಿಕ್ಷಕಿ 1964ರಲ್ಲಿ ‘ಟಿ.ವಿ. ಶುದ್ಧೀಕರಣ’ ಚಳವಳಿಯನ್ನೇ ಹೂಡಿದಳು. ಬುಧವಾರದ ನಾಟಕಗಳು ಆಕೆಯ ಖಾಯಂ ಗುರಿಯಾದವು.

ನಾಟಕಮಾಲೆಯ ಕಥಾ ಸಂಪಾದಕನಾಗಿ ಬಂದವನು ಟೋನಿ ಗಾರ್ನೆಟ್. ಬರ್ಮಿಂಗ್‌ಹ್ಯಾಮಿನ ಕಾರ್ಮಿಕ ಕುಟುಂಬದ ಹುಡುಗ, ಮೊದಲು ನಟನಾಗಿದ್ದವನು. ಅವನಿಗೆ ಜತೆಯಾದವನು ಕೆನ್ ಲೋಚ್ ಎಂಬ ತರುಣ ನಿರ್ದೇಶಕ. ಇವರಿಬ್ಬರ ಮೊದಲ ದೊಡ್ಡ ಸ್ಫೋಟ 1965ರ ನವೆಂಬರಿನ ‘ಅಪ್ ದ ಜಂಕ್ಷನ್’. ಸಿರಿವಂತ ಮನೆತನದಲ್ಲಿ ಹುಟ್ಟಿ, ಲಂಡನ್ನಿನ ಬಡವರ ಬಡಾವಣೆ ಬ್ಯಾಟರ್‌ಸಿಗೆ ಹೋಗಿ ನೆಲಸಿದ ನೆಲ್ ಡನ್ ಬರೆದ ಪುಸ್ತಕವೇ ಇದಕ್ಕೆ ಆಧಾರ. ಕಾರ್ಖಾನೆಯ ಹುಡುಗಿಯರ ನಗು, ಹರಟೆ, ಪ್ರೇಮ. ನಡುವೆ ಒಬ್ಬಳು ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡು ನರಳುವ ದೃಶ್ಯ. ಆಗ ಬ್ರಿಟನ್ನಿನಲ್ಲಿ ಗರ್ಭಪಾತ ಅಪರಾಧ. ದೃಶ್ಯದ ಹಿನ್ನೆಲೆಯಲ್ಲಿ ವೈದ್ಯನೊಬ್ಬನ ದನಿ ಕೇಳಿಬರುತ್ತದೆ. ಇಂಥ ಗರ್ಭಪಾತಗಳಿಂದ ಸಾಯುವವರ ಲೆಕ್ಕ ಹೇಳುತ್ತದೆ. ವೀಕ್ಷಕರ ದೂರುಗಳು ಬಿಬಿಸಿಗೆ ನೂರಾರು ಸಂಖ್ಯೆಯಲ್ಲಿ ಬಂದವು. ಎರಡು ವರ್ಷಗಳ ನಂತರ, 1967ರಲ್ಲಿ, ಸಂಸತ್ತು ಗರ್ಭಪಾತ ಕಾಯಿದೆಯನ್ನು ಸಡಿಲಿಸಿತು. ಕಾಯಿದೆಯ ಹೋರಾಟ ನಾಟಕಕ್ಕಿಂತ ಎಷ್ಟೋ ಹಿಂದಿನದು. ಆದರೆ ಪಿಸುಮಾತಿನ ವಿಷಯ ಮನೆಮನೆಯ ಮಾತಾಗಲು ನಾಟಕ ನೆರವಾಯಿತು.

ಆ ದೃಶ್ಯಕ್ಕೆ ಗಾರ್ನೆಟ್ ಅಷ್ಟೊಂದು ಪಟ್ಟು ಹಿಡಿದದ್ದೇಕೆ ಎಂಬುದು ಜಗತ್ತಿಗೆ ತಿಳಿದದ್ದು ಅರ್ಧ ಶತಮಾನದ ನಂತರ. 2016ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತ ಬರೆದ: ತಾನು ಐದು ವರ್ಷದವನಾಗಿದ್ದಾಗ ತಾಯಿ ಸತ್ತದ್ದು ಇಂಥದೇ ಕದ್ದು ಮಾಡಿಸಿದ ಗರ್ಭಪಾತದಿಂದ. ಕೆಲವೇ ದಿನಗಳಲ್ಲಿ ತಂದೆಯೂ ಆತ್ಮಹತ್ಯೆ ಮಾಡಿಕೊಂಡರು. ಈ ಮಾತನ್ನು ಆತ ದಶಕಗಳ ಕಾಲ ಎದೆಯಲ್ಲೇ ಇಟ್ಟುಕೊಂಡಿದ್ದ.

ಹೆಗಲ ಮೇಲಿನ ಕ್ಯಾಮೆರಾ

ಈ ನಾಟಕಗಳ ಬಲ ಕೇವಲ ಕಥಾವಸ್ತುವಿನದಲ್ಲ, ತಂತ್ರದ್ದೂ ಹೌದು. ಅಂದಿನ ಟಿ.ವಿ. ನಾಟಕಗಳು ಸ್ಟುಡಿಯೋದ ನಾಲ್ಕು ಗೋಡೆಗಳ ನಡುವೆ, ಬಣ್ಣ ಬಳಿದ ಸೆಟ್ಟುಗಳ ಮುಂದೆ, ಗಾಲಿಗಳ ಮೇಲೆ ಉರುಳುವ ಭಾರಿ ಕ್ಯಾಮೆರಾಗಳ ಎದುರು ನಡೆಯುತ್ತಿದ್ದವು. ಆದರೆ ವಾರ್ತಾ ವಿಭಾಗದವರು ಹೆಗಲ ಮೇಲೆ ಹೊತ್ತು ಓಡಾಡಬಹುದಾದ 16 ಎಂ.ಎಂ. ಕ್ಯಾಮೆರಾ ಬಳಸುತ್ತಿದ್ದರು. ಗಾರ್ನೆಟ್ ಮತ್ತು ಲೋಚ್ ಆ ಕ್ಯಾಮೆರಾವನ್ನು ನಾಟಕಕ್ಕೆ ತಂದರು. ‘ಕ್ಯಾಥಿ’ಯ ಬಹುಭಾಗ ಮೂರು ವಾರಗಳಲ್ಲಿ ಬೀದಿಗಳಲ್ಲಿ, ನಿಜವಾದ ಮನೆಗಳಲ್ಲಿ ಚಿತ್ರಿತವಾಯಿತು. ಕೊನೆಯ ರೈಲು ನಿಲ್ದಾಣದ ದೃಶ್ಯವನ್ನು ಸುತ್ತಲಿನ ಪ್ರಯಾಣಿಕರಿಗೆ ಕಾಣದಂತೆ ದೂರದಿಂದ ತೆಗೆದರು. ಕ್ಯಾಥಿಯಾಗಿದ್ದ ನಟಿ ಕ್ಯಾರಲ್ ವೈಟ್‌ಳ ಸ್ವಂತ ಮಕ್ಕಳೇ ಆ ದೃಶ್ಯದಲ್ಲಿದ್ದರು. ಅಲ್ಲಿನ ಅಳು ಅಭಿನಯದ ಅಳುವಿನಂತೆ ಕೇಳಿಸುವುದಿಲ್ಲ.

ಕಥೆ ಬರೆದ ಜೆರೆಮಿ ಸ್ಯಾಂಡ್‌ಫರ್ಡ್ ನೆಲ್ ಡನ್ನಳ ಗಂಡ. ಈಟನ್, ಆಕ್ಸ್‌ಫರ್ಡುಗಳಲ್ಲಿ ಓದಿದವನು. ನೆರೆಯ ಕುಟುಂಬವೊಂದು ಬೀದಿಪಾಲಾದದ್ದನ್ನು ಕಂಡು, ನಿರಾಶ್ರಿತರ ತಂಗುಮನೆಗಳನ್ನು ಹುಡುಕಿಕೊಂಡು ಹೋದ. ಪತ್ರಿಕಾ ವರದಿಗಳು, ಧ್ವನಿಮುದ್ರಿತ ಸಂದರ್ಶನಗಳು, ಕಂಡು ಕೇಳಿದ ಘಟನೆಗಳು ಎಲ್ಲವನ್ನೂ ಕೂಡಿಹಾಕಿದ. ಮೊದಲು ರೇಡಿಯೋ ಕಾರ್ಯಕ್ರಮ ಮಾಡಿದ. ಹೆಚ್ಚು ಜನ ಕಿವಿಗೊಡಲಿಲ್ಲ. ಅದೇ ಮಾಹಿತಿ ಒಬ್ಬ ಹೆಣ್ಣಿನ ಬಾಳಾಗಿ ಬಂದಾಗ ಇಡೀ ದೇಶ ನೋಡಿತು. ಹತ್ತಾರು ಕುಟುಂಬಗಳಿಗೆ ಬೇರೆಬೇರೆಯಾಗಿ ಆದದ್ದನ್ನು ಅವನು ಒಂದೇ ಕುಟುಂಬದ ತಲೆಗೆ ಕಟ್ಟಿದ್ದ. ನಾಟಕದ ಶಕ್ತಿಯೂ ಅದೇ, ಟೀಕಾಕಾರರು ಹಿಡಿದ ತಪ್ಪೂ ಅದೇ.

ವಾರ್ತೆಗೂ ನಾಟಕಕ್ಕೂ ನಡುವಣ ಗೆರೆ ವೀಕ್ಷಕನಿಗೆ ಕಾಣಬಾರದು ಎಂಬುದು ಗಾರ್ನೆಟ್, ಲೋಚ್ ಇಬ್ಬರ ಉದ್ದೇಶವಾಗಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಬಿಬಿಸಿಯ ವಾರ್ತೆ ಯಾವ ಪಕ್ಷಕ್ಕೂ ವಾಲಬಾರದೆಂಬುದು ಕಟ್ಟಳೆ. ಮಂತ್ರಿಯ ಮಾತು ಹಾಕಿದರೆ ಎದುರು ಪಕ್ಷದ ಮಾತನ್ನೂ ಹಾಕಬೇಕು. ನಾಟಕಕ್ಕೆ ಈ ತಕ್ಕಡಿ ಇರಲಿಲ್ಲ. ಕ್ಯಾಥಿಯ ಗೋಳು ತೋರಿಸಿದ ಮೇಲೆ ನಗರಸಭೆಯ ಉತ್ತರಕ್ಕೂ ಅಷ್ಟೇ ಹೊತ್ತು ಕೊಡಿ ಎಂದು ಯಾರೂ ಕೇಳುವಂತಿರಲಿಲ್ಲ. ಬಿಬಿಸಿಯ ವಿದ್ಯಮಾನ ಕಾರ್ಯಕ್ರಮಗಳನ್ನು ಕಟ್ಟಿ ಬೆಳೆಸಿದ ಗ್ರೇಸ್ ವಿಂಡಮ್ ಗೋಲ್ಡಿ 1967ರ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಬರೆದು ಇದನ್ನೇ ಖಂಡಿಸಿದಳು. ತಾವು ನೋಡುತ್ತಿರುವುದು ನಡೆದದ್ದೋ ಕಟ್ಟಿದ್ದೋ ಎಂದು ತಿಳಿಯುವ ಹಕ್ಕು ವೀಕ್ಷಕರಿಗಿದೆ ಎಂಬುದು ಆಕೆಯ ವಾದ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ, ಆ ಎಚ್ಚರಿಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ವಾರ್ತೆಯ ತಕ್ಕಡಿಯಲ್ಲಿ ಮನೆಯಿಲ್ಲದವರ ದನಿ ಆವರೆಗೆ ಎಷ್ಟು ತೂಗಿತ್ತು ಎಂಬ ಮರುಪ್ರಶ್ನೆಗೂ ಆಕೆಯ ಬಳಿ ಉತ್ತರವಿರಲಿಲ್ಲ.

ಫಲವೇನಾಯಿತು?

‘ಕ್ಯಾಥಿ’ಯಿಂದಲೇ ‘ಶೆಲ್ಟರ್’ ಎಂಬ ವಸತಿ ಸೇವಾಸಂಸ್ಥೆ ಹುಟ್ಟಿತು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದು ಪೂರ್ತಿ ಸರಿಯಲ್ಲ. ನಾಟಕ ಬಂದ ಹದಿನೈದು ದಿನಕ್ಕೆ, 1966ರ ಡಿಸೆಂಬರ್ 1ರಂದು, ‘ಶೆಲ್ಟರ್’ ಆರಂಭವಾದದ್ದು ನಿಜ. ಆದರೆ ಅದರ ಸಿದ್ಧತೆ ಮೊದಲೇ ನಡೆದಿತ್ತು. ನಾಟಕ ಅದಕ್ಕೆ ಕೇಳದೆಯೇ ಸಿಕ್ಕ ಪ್ರಚಾರವಾಯಿತು. ಮರುವರ್ಷ ‘ಕ್ರೈಸಿಸ್’ ಎಂಬ ಇನ್ನೊಂದು ಸಂಸ್ಥೆಯೂ ಹುಟ್ಟಿತು. ವಸತಿ ಮಂತ್ರಿ ನಾಟಕ ನೋಡಿದರು, ಸಂಸತ್ತಿನಲ್ಲಿ ಚರ್ಚೆಯಾಯಿತು. ನಿರಾಶ್ರಿತರ ತಂಗುಮನೆಗಳಲ್ಲಿ ಗಂಡನನ್ನು ಹೊರಗಿಡುವ ಪದ್ಧತಿಯನ್ನು ಕೆಲವು ನಗರಸಭೆಗಳು ಕೈಬಿಟ್ಟವು. ಮನೆಯಿಲ್ಲದ ಕುಟುಂಬಗಳಿಗೆ ವಸತಿ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸುವ ಕಾಯಿದೆ ಬರಲು ಮಾತ್ರ 1977ರವರೆಗೆ, ಎಂದರೆ ಹನ್ನೊಂದು ವರ್ಷ ಕಾಯಬೇಕಾಯಿತು.

ಲೋಚ್ ನಂತರದ ವರ್ಷಗಳಲ್ಲಿ ಈ ಯಶಸ್ಸಿನ ಬಗ್ಗೆ ಅತೃಪ್ತಿಯನ್ನೇ ಹೇಳುತ್ತ ಬಂದ. ಜನ ಅತ್ತರು, ದೇಣಿಗೆ ಕೊಟ್ಟರು. ಭೂಮಿ ಯಾರದು, ಕಟ್ಟಡ ಉದ್ಯಮ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ನಾಟಕ ಕೇಳಲಿಲ್ಲ ಎಂಬುದು ಅವನ ಕೊರಗು. ಅವನಿಗೆ ಮುಂದೆ ಜತೆಯಾದ ಲೇಖಕ ಜಿಮ್ ಅಲೆನ್. ಮ್ಯಾಂಚೆಸ್ಟರಿನ ಕಾರ್ಮಿಕ, ಗಣಿಯಲ್ಲಿ, ಕಟ್ಟಡ ಕೆಲಸದಲ್ಲಿ ದುಡಿದವನು, ಕಟ್ಟಾ ಸಮಾಜವಾದಿ. ಬಂದರಿನ ಕಾರ್ಮಿಕರು ಬಂದರನ್ನೇ ವಶಪಡಿಸಿಕೊಳ್ಳುವ ‘ದ ಬಿಗ್ ಫ್ಲೇಮ್’ (1969), ಮೊದಲ ಮಹಾಯುದ್ಧದಿಂದ 1926ರ ಸಾರ್ವತ್ರಿಕ ಮುಷ್ಕರದವರೆಗಿನ ಕತೆಯ ‘ಡೇಸ್ ಆಫ್ ಹೋಪ್’ (1975) ಇವರ ಕೂಡು ದುಡಿಮೆ. ಇವುಗಳಲ್ಲಿ ಕರುಣೆಗಿಂತ ವಾದ ಮುಂದು. ಬಿಬಿಸಿಯ ಹಣದಲ್ಲಿ ಕ್ರಾಂತಿಯ ಪಾಠವೇ ಎಂದು ಪತ್ರಿಕೆಗಳು ಹರಿಹಾಯ್ದವು. ಉಂಡ ಮನೆಗೆ ಎರಡು ಬಗೆಯುವವರು ಎಂಬ ಧಾಟಿಯ ಆರೋಪ ಇವರ ಬೆನ್ನು ಬಿಡಲೇ ಇಲ್ಲ.

ತೆರೆ ಕಾಣದ ಚಿತ್ರ

‘ಕ್ಯಾಥಿ’ ಬಂದ ಬಾಗಿಲಿನ ಪಕ್ಕದಲ್ಲೇ ಮುಚ್ಚಿದ ಬಾಗಿಲೊಂದಿತ್ತು. ಪೀಟರ್ ವಾಟ್ಕಿನ್ಸ್ ಎಂಬ ತರುಣ ನಿರ್ದೇಶಕ 1965ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರ ವಿಭಾಗಕ್ಕಾಗಿ ‘ದ ವಾರ್ ಗೇಮ್’ ಎಂಬ ಮುಕ್ಕಾಲು ಗಂಟೆಯ ಚಿತ್ರ ಮಾಡಿದ. ಬ್ರಿಟನ್ನಿನ ಮೇಲೆ ಅಣುಬಾಂಬು ಬಿದ್ದರೆ ಏನಾಗುತ್ತದೆ ಎಂಬುದೇ ವಸ್ತು. ಕೆಂಟ್ ಪ್ರಾಂತದ ಸಾಮಾನ್ಯ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು, ವಾರ್ತಾಚಿತ್ರದ ಧಾಟಿಯಲ್ಲಿ ತೋರಿಸಿದ: ಕಣ್ಣು ಸುಟ್ಟ ಮಕ್ಕಳು, ಉರಿಯ ಬಿರುಗಾಳಿ, ಅನ್ನಕ್ಕಾಗಿ ದಂಗೆ, ದಂಗೆಕೋರರನ್ನು ಗುಂಡಿಟ್ಟು ಕೊಲ್ಲುವ ಪೊಲೀಸರು. ಸರ್ಕಾರದ ನಾಗರಿಕ ರಕ್ಷಣಾ ಯೋಜನೆ ಎಷ್ಟು ಪೊಳ್ಳು ಎಂಬುದು ಚಿತ್ರದ ತಿರುಳು.

ಬಿಬಿಸಿಯ ಆಡಳಿತ ಮಂಡಳಿಯ ಅಧ್ಯಕ್ಷ ಲಾರ್ಡ್ ನಾರ್ಮನ್‌ಬ್ರೂಕ್, ಹಿಂದೆ ಹದಿನೈದು ವರ್ಷ ಕಾಲ ಸಚಿವ ಸಂಪುಟದ ಕಾರ್ಯದರ್ಶಿಯಾಗಿದ್ದವರು. ಚಿತ್ರವನ್ನು ನೋಡಿ ದಂಗಾದ ಅವರು, ಸೆಪ್ಟೆಂಬರಿನಲ್ಲಿ ಸರ್ಕಾರದ ಹಿರಿಯ ಅಧಿಕಾರಿಗಳನ್ನು ಕರೆಸಿ ತೋರಿಸಿದರು. ನವೆಂಬರಿನಲ್ಲಿ ಪ್ರಕಟಣೆ ಬಂತು: ಚಿತ್ರ ಅತಿ ಭೀಕರವಾಗಿರುವುದರಿಂದ ಪ್ರಸಾರವಿಲ್ಲ, ತೀರ್ಮಾನ ಬಿಬಿಸಿಯದೇ, ಹೊರಗಿನ ಒತ್ತಡವಿಲ್ಲ. ಅಧಿಕಾರಿಗಳಿಗೆ ಮೊದಲೇ ತೋರಿಸಿದ್ದ ಸಂಗತಿ ಇದ್ದಾಗ ಆ ಮಾತನ್ನು ಎಷ್ಟು ನಂಬಬೇಕು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ವಾಟ್ಕಿನ್ಸ್ ಬಿಬಿಸಿ ಬಿಟ್ಟ. ಚಿತ್ರಮಂದಿರಗಳಲ್ಲಿ, ಅಣ್ವಸ್ತ್ರ ವಿರೋಧಿಗಳ ಸಭೆಗಳಲ್ಲಿ ತೋರಿಸಲು ಮಾತ್ರ ಚಿತ್ರಕ್ಕೆ ಬಿಡುಗಡೆ ಸಿಕ್ಕಿತು. 1967ರಲ್ಲಿ ಅದು ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಗೆದ್ದಿತು. ನಡೆಯದೆ ಇದ್ದ ಘಟನೆಗೆ ಸಾಕ್ಷ್ಯಚಿತ್ರದ ಪ್ರಶಸ್ತಿ! ಬ್ರಿಟನ್ನಿನ ಟಿ.ವಿ.ಯಲ್ಲಿ ಅದು ಬಂದದ್ದು 1985ರ ಜುಲೈ 31ರಂದು, ಹಿರೋಶಿಮಾ ಬಾಂಬಿನ 40ನೇ ವರ್ಷದ ಸಂದರ್ಭದಲ್ಲಿ. ಅಷ್ಟು ಹೊತ್ತಿಗೆ ಚಿತ್ರಕ್ಕೆ ಇಪ್ಪತ್ತು ವರ್ಷ ವಯಸ್ಸಾಗಿತ್ತು.

ಹೀಗೆ ಒಂದೇ ಸಂಸ್ಥೆ ಒಂದು ವರ್ಷದ ಅಂತರದಲ್ಲಿ ಒಂದು ಚಿತ್ರವನ್ನು ಬಿಟ್ಟಿತು, ಇನ್ನೊಂದನ್ನು ತಡೆಯಿತು. ಮನೆಯಿಲ್ಲದವರ ವಿಷಯದಲ್ಲಿ ಸರ್ಕಾರಕ್ಕೆ ಮುಜುಗರವಾದರೆ ತಡೆದುಕೊಳ್ಳಬಹುದು. ಅಣ್ವಸ್ತ್ರ ನೀತಿಯ ಬುಡಕ್ಕೇ ಕೈ ಹಾಕಿದರೆ ತಡೆದುಕೊಳ್ಳಲಾಗದು. ಗೆರೆ ಎಲ್ಲಿದೆಯೆಂದು ಯಾರೂ ಬರೆದಿಟ್ಟಿರಲಿಲ್ಲ, ದಾಟಿದವರಿಗೇ ಗೊತ್ತಾಗುತ್ತಿತ್ತು. ಅದೇ 1965ರಲ್ಲಿ ಡೆನ್ನಿಸ್ ಪಾಟರ್ ಬರೆದ ಚುನಾವಣಾ ರಾಜಕೀಯದ ನಾಟಕವೊಂದನ್ನು ಪ್ರಸಾರದ ದಿನವೇ ತಡೆದು, ತಿದ್ದಿಸಿ, ಡಿಸೆಂಬರಿನಲ್ಲಿ ತೋರಿಸಲಾಯಿತು. ಪಾಟರ್ ಅದರ ಹಿಂದಿನ ವರ್ಷವಷ್ಟೇ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ನಿಂತು ಸೋತಿದ್ದ. ಬರೆದದ್ದು ಕಂಡುಂಡ ಅನುಭವವನ್ನೇ. ಬಾಲಾಪರಾಧಿಗಳ ಸೆರೆಮನೆಯ ಕ್ರೌರ್ಯ ತೋರಿಸಿದ ‘ಸ್ಕಮ್’ 1977ರಲ್ಲಿ ತಡೆಗೆ ಸಿಕ್ಕಿ 1991ರವರೆಗೆ ಕಪಾಟಿನಲ್ಲಿ ಕೂತಿತು.

ತಡೆ ಚಿತ್ರಗಳ ಮೇಲಷ್ಟೇ ಇರಲಿಲ್ಲ, ಮನುಷ್ಯರ ಮೇಲೂ ಇತ್ತು. ಬಿಬಿಸಿಗೆ ಸೇರಬಯಸುವವರ ರಾಜಕೀಯ ಹಿನ್ನೆಲೆಯನ್ನು ಗುಪ್ತಚರ ಸಂಸ್ಥೆ ಎಂ.ಐ.5 ಗುಟ್ಟಾಗಿ ತಪಾಸಣೆ ಮಾಡುತ್ತಿತ್ತೆಂಬ ಸಂಗತಿಯನ್ನು 1985ರ ಆಗಸ್ಟಿನಲ್ಲಿ ‘ಅಬ್ಸರ್ವರ್’ ಪತ್ರಿಕೆ ಬಯಲಿಗೆಳೆಯಿತು. ಅನುಮಾನಿತರ ಕಡತದ ಮೇಲೆ ಕ್ರಿಸ್‌ಮಸ್ ಮರದ ಆಕಾರದ ಹಸಿರು ಗುರುತು ಬೀಳುತ್ತಿತ್ತಂತೆ. ಹೀಗೆ ಅಡ್ಡಿಗೆ ಸಿಕ್ಕಿದವರಲ್ಲಿ ರೋಲಂಡ್ ಜೋಫಿಯೂ ಒಬ್ಬ. ಅವನೇ ನಿರ್ದೇಶಿಸಿ, ಜಿಮ್ ಅಲೆನ್ ಬರೆದು, ಗಾರ್ನೆಟ್ ನಿರ್ಮಿಸಿದ ‘ದ ಸ್ಪಾಂಜರ್ಸ್’ 1978ರ ಜನವರಿಯಲ್ಲಿ ಬಂತು. ಮಹಾರಾಣಿಯ ಬೆಳ್ಳಿಹಬ್ಬದ ಬಾವುಟಗಳು ಹಾರಾಡುವ ಬೀದಿಯಲ್ಲಿ, ನಾಲ್ಕು ಮಕ್ಕಳ ಒಂಟಿ ತಾಯಿಯೊಬ್ಬಳು ಸರ್ಕಾರಿ ಖರ್ಚು ಕಡಿತಕ್ಕೆ ಸಿಕ್ಕಿ, ಮಕ್ಕಳೊಂದಿಗೆ ಸಾವಿಗೆ ಶರಣಾಗುವ ಕತೆ. ಇದು ಪ್ರಿ ಇಟಾಲಿಯಾ ಪ್ರಶಸ್ತಿ ಪಡೆಯಿತು. ಆಗ ಆಳುತ್ತಿದ್ದುದು ಕಾರ್ಮಿಕರ ಪಕ್ಷವೇ ಎಂಬುದನ್ನು ಗಮನಿಸಬೇಕು.

ಕಾರ್ಖಾನೆಯಿಂದ ಕುರ್ಚಿಯೆಡೆಗೆ

1982ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಆ ಅಕ್ಟೋಬರಿನಲ್ಲಿ ಲಿವರ್‌ಪೂಲಿನ ಅಲನ್ ಬ್ಲೀಸ್‌ಡೇಲ್ ಬರೆದ ಐದು ಕಂತುಗಳ ‘ಬಾಯ್ಸ್ ಫ್ರಮ್ ದ ಬ್ಲ್ಯಾಕ್‌ಸ್ಟಫ್’ ಪ್ರಸಾರವಾಯಿತು. ರಸ್ತೆಗೆ ಡಾಂಬರು ಹಾಕುವ ಕೆಲಸ ಕಳೆದುಕೊಂಡ ಗೆಳೆಯರ ಕತೆ. ಕಂಡಕಂಡವರನ್ನು ಕೆಲಸ ಕೊಡಿ ಎಂದು ಅಂಗಲಾಚುತ್ತ ಬುದ್ಧಿ ಕಲಕಿದಂತಾಗುವ ಯಾಸರ್ ಹ್ಯೂಸ್‌ನ ಪಾತ್ರವನ್ನು ಬರ್ನಾರ್ಡ್ ಹಿಲ್ ವಹಿಸಿದ್ದ. ಅವನ ಆ ಮಾತನ್ನು ಫುಟ್‌ಬಾಲ್ ಮೈದಾನದ ಪ್ರೇಕ್ಷಕರೂ ಕೂಗತೊಡಗಿದರು. ಧಾರಾವಾಹಿಗೆ ಎಷ್ಟು ಬೇಡಿಕೆ ಬಂತೆಂದರೆ ಮೂರೇ ತಿಂಗಳಲ್ಲಿ ಮುಖ್ಯ ಚಾನೆಲ್ಲಿನಲ್ಲಿ ಮರುಪ್ರಸಾರವಾಯಿತು.

ಅಲ್ಲಿಂದ ಮುಂದೆ ಕಾಲ ತಿರುಗಿತು. ಬುಧವಾರದ ನಾಟಕಮಾಲೆಯ ಉತ್ತರಾಧಿಕಾರಿಯಾಗಿ 1970ರಲ್ಲಿ ಶುರುವಾಗಿದ್ದ ‘ಪ್ಲೇ ಫಾರ್ ಟುಡೇ’ 1984ರಲ್ಲಿ ನಿಂತಿತು. ವಾರಕ್ಕೊಂದು ಒಂಟಿ ನಾಟಕ ದುಬಾರಿ, ಧಾರಾವಾಹಿ ಲಾಭದ್ದು. ರಾಜಕೀಯ ನಾಟಕದ ಕಣ್ಣೂ ಕಾರ್ಮಿಕರ ಬೀದಿಯಿಂದ ಅಧಿಕಾರದ ಓಣಿಗೆ ಹೊರಳಿತು. ಎಡಪಂಥೀಯ ಪ್ರಧಾನಿಯನ್ನು ಗುಪ್ತಚರರೂ ಪತ್ರಿಕಾ ದೊರೆಗಳೂ ಸೇರಿ ಉರುಳಿಸಲು ಹೊಂಚುವ ‘ಎ ವೆರಿ ಬ್ರಿಟಿಷ್ ಕೂ’ 1988ರಲ್ಲಿ ಬಂತು. ಮೈಕೇಲ್ ಡಾಬ್ಸ್ ಕಾದಂಬರಿ ಆಧರಿಸಿದ ‘ಹೌಸ್ ಆಫ್ ಕಾರ್ಡ್ಸ್’ನ ಮೊದಲ ಕಂತು 1990ರ ನವೆಂಬರ್ 18ರಂದು ಬಂತು, ನಾಲ್ಕೇ ದಿನಕ್ಕೆ ಮಾರ್ಗರೆಟ್ ಥ್ಯಾಚರ್ ರಾಜೀನಾಮೆ ಘೋಷಿಸಿದರು! ಕುರ್ಚಿಯ ಕಾದಾಟ ರಂಜಕವಾಗಿತ್ತು. ಆದರೆ ಆ ಕುರ್ಚಿಯ ಕೆಳಗೆ ನಲುಗುವವರು ಪರದೆಯ ಅಂಚಿಗೆ ಸರಿದರು.

ಮತ್ತೆ ಅದೇ ಪ್ರಶ್ನೆ

ಅವರು ಮರಳಿ ನಡುಮಧ್ಯಕ್ಕೆ ಬಂದದ್ದು 2024ರ ಜನವರಿಯ ಮೊದಲ ನಾಲ್ಕು ರಾತ್ರಿಗಳಲ್ಲಿ. ಗ್ವಿನೆತ್ ಹ್ಯೂಸ್ ಬರೆದ ‘ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್’ ಪ್ರಸಾರವಾದದ್ದು ಬಿಬಿಸಿಯಲ್ಲಲ್ಲ, ಜಾಹೀರಾತಿನಿಂದ ನಡೆಯುವ ಐಟಿವಿಯಲ್ಲಿ. ಅಂಚೆ ಇಲಾಖೆಯ ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ತಪ್ಪು ಲೆಕ್ಕ ತೋರಿಸಿತು. ಆ ಲೆಕ್ಕವನ್ನೇ ನಂಬಿ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಉಪ ಅಂಚೆ ಕಚೇರಿ ನಡೆಸುವವರನ್ನು ಕಳ್ಳರೆಂದು ತೀರ್ಮಾನಿಸಲಾಗಿತ್ತು. ಹಲವರು ಜೈಲು ಕಂಡರು, ಮನೆ ಕಳೆದುಕೊಂಡರು. ಅವರಲ್ಲಿ ಭಾರತ ಮೂಲದವರೂ ಇದ್ದರು. ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆ 2009ರಲ್ಲೇ ಇದನ್ನು ಬರೆದಿತ್ತು. 2019ರಲ್ಲಿ ಉಚ್ಚ ನ್ಯಾಯಾಲಯ 555 ಮಂದಿಯ ದಾವೆಯಲ್ಲಿ ಕಂಪ್ಯೂಟರಿನ ದೋಷ ಎತ್ತಿಹಿಡಿದಿತ್ತು. ಸಾರ್ವಜನಿಕ ವಿಚಾರಣೆಯೂ ನಡೆಯುತ್ತಿತ್ತು. ಆದರೂ ದೇಶ ಎಚ್ಚೆತ್ತದ್ದು ನಾಟಕ ನೋಡಿದ ಮೇಲೆ. ಒಂದೇ ವಾರದಲ್ಲಿ ಪ್ರಧಾನಿ ಕಾಯಿದೆ ತರುವುದಾಗಿ ಸಾರಿದರು. ಮೇ ತಿಂಗಳಲ್ಲಿ ಸಂಸತ್ತು ಆ ಶಿಕ್ಷೆಗಳನ್ನು ಒಟ್ಟಿಗೇ ರದ್ದುಪಡಿಸಿತು.

ವರದಿಗಾರರು ಹದಿನೈದು ವರ್ಷ ಬರೆದದ್ದು ಇಲ್ಲದಿದ್ದರೆ ಈ ನಾಟಕ ಬರೆಯಲು ಸಾಧ್ಯವೇ ಇರಲಿಲ್ಲ. ನಾಟಕವಿಲ್ಲದಿದ್ದರೆ ಆ ಬರಹ ಅಷ್ಟು ಜನರನ್ನು ಮುಟ್ಟುತ್ತಲೂ ಇರಲಿಲ್ಲ. ಸ್ಯಾಂಡ್‌ಫರ್ಡನ ಕಾಲದಲ್ಲೂ ಹೀಗೆಯೇ ಆಗಿತ್ತು. ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಅಂಚೆಯವರ ಪ್ರಕರಣದಲ್ಲಿ ತಪ್ಪನ್ನು ಒಂದು ಕಾಯಿದೆಯಿಂದ ಸರಿಪಡಿಸಲು ಬರುತ್ತಿತ್ತು. ತಪ್ಪಿತಸ್ಥ ಸಂಸ್ಥೆ ಕಣ್ಣೆದುರಿಗಿತ್ತು. ಕ್ಯಾಥಿಗೆ ಬೇಕಾಗಿದ್ದುದು ಲಕ್ಷಾಂತರ ಮನೆಗಳು. ಬ್ರಿಟಿಷ್ ಚಲನಚಿತ್ರ ಸಂಸ್ಥೆ 2000ದಲ್ಲಿ ಆರಿಸಿದ ನೂರು ಶ್ರೇಷ್ಠ ಟಿ.ವಿ. ಕಾರ್ಯಕ್ರಮಗಳಲ್ಲಿ ‘ಕ್ಯಾಥಿ ಕಮ್ ಹೋಮ್’ಗೆ ಎರಡನೇ ಸ್ಥಾನ ಸಿಕ್ಕಿತು. 2023ರಲ್ಲಿ ಇಂಗ್ಲೆಂಡಿನಲ್ಲಿ ಮನೆಯಿಲ್ಲದೆ ತಾತ್ಕಾಲಿಕ ವಸತಿಯಲ್ಲಿದ್ದ ಕುಟುಂಬಗಳ ಸಂಖ್ಯೆ ಒಂದು ಲಕ್ಷ ಮೀರಿತ್ತು. ಮಲಗಿದ್ದ ದೇಶವನ್ನು ನಾಟಕ ಒಂದು ರಾತ್ರಿ ಎಬ್ಬಿಸಬಲ್ಲದು. ಬೆಳಗಾದ ಮೇಲೆ ಇಟ್ಟಿಗೆ ಹೊರುವ ಕೆಲಸ ಮಾತ್ರ ಎದ್ದವರದೇ.